ಬಣ್ಣವೇ ಬೇಡದ ಗೋಡೆ

ಜೂನ್ 3, ಮಂಗಳವಾರ

ಮಿಸೆಸ್ ಹ್ರುಶ್ಕಾ ಮನೆಯ ಪೂರ್ವದ ಗೋಡೆ ತೊಳೆದಾಯಿತು. ಕೆಳಗಿಂದ ಮೇಲಕ್ಕೆ... ಮೇಲಿಂದ ಶುರು ಮಾಡಿದರೆ ಸೋಪಿನ ಗೆರೆ ನಿಲ್ಲುತ್ತದೆ. ಗೋಡೆಗೆ ಹೊದಿಸಿದ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬೆರಳಾಡಿಸಿದರೆ ಹಳೇ ಬಣ್ಣ ಸೀಮೆಸುಣ್ಣದ ಹಾಗೆ ಅಂಟುತ್ತದೆ. ಆ ಪುಡಿಯ ಮೇಲೇ ಬಳಿದರೆ ಒಂದು ಚಳಿಗಾಲಕ್ಕೆ ಎಲ್ಲ ಸುಲಿದು ಬರುತ್ತದೆ.

ನಗರಸಭೆಗೆ ನಾಚಿಕೆಯಿಲ್ಲ. ಎಪ್ಪತ್ತೆಂಟರ ವಿಧವೆಗೆ ನೋಟೀಸು — ಮೂವತ್ತು ದಿನದಲ್ಲಿ ಗೋಡೆ ಸರಿಮಾಡಿ, ಇಲ್ಲವೇ ದಂಡ. ಉಕ್ಕಿನ ಕಾರ್ಖಾನೆ ಊರನ್ನು ಬಿಟ್ಟು ಹೋದಾಗ ಇವರ ನೋಟೀಸು ಎಲ್ಲಿತ್ತು? ಪತ್ರಿಕೆಗೆ ಬರೆದೆ. ಆಮೇಲೆ ಬ್ರಷ್ ಹಿಡಿದೆ.

ಮಿಸೆಸ್ ಹ್ರುಶ್ಕಾ ಕಿಟಕಿಯಿಂದ: “ವೆಂಡೆಲ್, ನೀನು ಪೇಪರ್‌ಗೆ ಬರೆದಿದ್ದನ್ನೆಲ್ಲ ಅಂಟಿಸಿದ್ರೆ ಈ ಗೋಡೆಗೆ ಬಣ್ಣಾನೇ ಬೇಡ ಕಣೋ!”

ಜೂನ್ 5, ಗುರುವಾರ

ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಎಲೆಕೋಸು ಹಾಕಿದ ನೂಡಲ್ಸ್. ಬಿಸ್ಕತ್ತಿನ ಡಬ್ಬಿಯಿಂದ ಒಂದು ಕಾಗದ ತೆಗೆದಳು. ಅಲ್ಯೂಮಿನಿಯಂ ಪಟ್ಟಿ ಮಾರಿದವನು ಕೊಟ್ಟ ಗ್ಯಾರಂಟಿ ಪತ್ರ, 1961. ‘ಮಾಲೀಕರ ಜೀವಮಾನವಿಡೀ ಈ ಗೋಡೆಗೆ ಬಣ್ಣ ಬೇಡ.’

“ನಿನ್ನ ನಗರಸಭೆಗೆ ತೋರಿಸು. ಮುದುಕಿ ಇನ್ನೂ ಸತ್ತಿಲ್ಲ ಅಂತ ಹೇಳು.”

ಸಹಿ: ಆರ್. ಕಾರ್ಲೈಲ್. ಕೊನೆಯಕ್ಷರದ ಬಾಲ ಹೆಸರಿನ ಕೆಳಗೆಲ್ಲ ಸುತ್ತಿ ಬಂದಿದೆ. ಅದೇ ಬಾಲ ನನ್ನ ಶಾಲೆಯ ಅಂಕಪಟ್ಟಿಗಳ ಮೇಲೂ ಇದೆ. ಹೆಸರು ಬೇರೆ. ಕೈ ಅಪ್ಪನದು.

“ನನ್ನ ಗಂಡ ಲುಡ್ವಿಕ್ ಬೇಡ ಅಂತಲೇ ಅಂದಿದ್ದ,” ಎಂದಳು. “ಇದನ್ನ ಮಾರೋಕೆ ಬಂದ ಮನುಷ್ಯನ ಜೊತೆ ಒಂದು ಮಗು ಬಂದಿತ್ತು. ಏನು ಕೆಮ್ಮು ಅಂತೀಯ! ಎದೆ ಹಾಳಾಗಿದೆ, ಈ ಒಂದು ಮನೆ ಕೆಲಸ ಸಿಕ್ಕಿದ್ರೆ ಆಸ್ಪತ್ರೆಗೆ ಸೇರಿಸ್ತೀನಿ ಅಂದ. ಲುಡ್ವಿಕ್ ಸಹಿ ಹಾಕ್ಬಿಟ್ಟ. ಆ ಸಾಲ ತೀರಿಸೋಕೆ ಎರಡು ವರ್ಷ ಭಾನುವಾರಾನೂ ಕಾರ್ಖಾನೆ ಕುಲುಮೆ ಮುಂದೆ ನಿಂತ.”

ತಟ್ಟೆ ಎತ್ತಿದಳು.

“ಆ ಮಗು ಬದುಕ್ತೋ ಇಲ್ವೋ. ಈಗ್ಲೂ ಚರ್ಚಲ್ಲಿ ಅದಕ್ಕೊಂದು ಮೇಣದಬತ್ತಿ ಹಚ್ತೀನಿ.”

ಜೂನ್ 6

ಹೋಗಲಿಲ್ಲ. ಮಳೆ ಬರಬಹುದು ಎಂದು ಫೋನಿನಲ್ಲಿ ಹೇಳಿದೆ.

“ನಮ್ಮನೆಗೂ ನಿಮ್ಮನೆಗೂ ಮಧ್ಯೆ ಮೂರೇ ಮನೆ. ಇಲ್ಲಿ ಬಿಸಿಲು ಸುಡ್ತಿದೆ!”

ಜೂನ್ 9, ಸೋಮವಾರ. ಬೆಳಿಗ್ಗೆ 5

ಬರೆದುಬಿಡುತ್ತೇನೆ. ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟರೆ ನಾನು ಕೆಮ್ಮಬೇಕು. ಅದು ಸನ್ನೆ. ಆಗ ಒಂಬತ್ತು ವರ್ಷ. ಎದೆ ಗಟ್ಟಿಯಾಗಿತ್ತು. ವಾಪಸು ಬರುವಾಗ ಕಾರಿನಲ್ಲಿ ಐಸ್‌ಕ್ರೀಮ್. ಎಷ್ಟು ಮನೆ, ಯಾವ ಬೀದಿ — ನೆನಪಿಲ್ಲ. ಕಾರ್ಖಾನೆ ಮುಚ್ಚಿದ ದಿನದ ಹವೆ ಕೂಡ ನೆನಪಿದೆ, ಇದು ಮಾತ್ರ ಇಲ್ಲ!

ಅಪ್ಪ ಹೇಳಿದ ಅಂತ ಮಾಡಿದೆ... ಅಷ್ಟೇ ಅಲ್ಲ. ಜನ ಪೆನ್ನು ಎತ್ತಿಕೊಂಡ ಮೇಲೂ ಇನ್ನೊಂದು ಸಲ ಕೆಮ್ಮುತ್ತಿದ್ದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂವತ್ತು ವರ್ಷ ಊರಿನ ಕಳ್ಳರ ಬಗ್ಗೆ ಬರೆದೆ.

ಜೂನ್ 12, ಗುರುವಾರ

ಹಿಂದಿನ ಗೋಡೆ ಒಂದೇ ಬಾಕಿ. ಸೂರಿನ ಕೆಳಗೆ ಉಜ್ಜುವಾಗ ಪುಡಿ ಗಂಟಲಿಗೆ ಹೋಯಿತು. ಕೆಮ್ಮು. ನಿಜವಾದದ್ದು, ನಿಲ್ಲಲೇ ಇಲ್ಲ. ಏಣಿಯಿಂದ ಇಳಿದು ಕೂತೆ.

ಮಿಸೆಸ್ ಹ್ರುಶ್ಕಾ ಪ್ಲಮ್ ಜಾಮ್ ತುಂಬಿದ ಚಮಚ ಹಿಡಿದು ಬಂದಳು.

“ಬಾಯಿ ತೆಗಿ. ಆ ಮಗುಗೂ ಇದನ್ನೇ ಕೊಟ್ಟಿದ್ದೆ.”

ನುಂಗಿದೆ. ಆ ಹುಳಿ ನಾಲಗೆಗೆ ಗೊತ್ತಿತ್ತು.

“ಅವನು ಬದುಕಿದ್ದಾನೆ,” ಎಂದೆ.

“ನಿಂಗೆ ಹೇಗೋ ಗೊತ್ತು?”

ಟೋಪಿ ತೆಗೆದಿದ್ದೆ, ತೆಗೆದದ್ದೇ ತಿಳಿಯಲಿಲ್ಲ. ಮೊಣಕಾಲ ಮೇಲಿಡಲು ಹೋದ ಕೈಯನ್ನು ತಡೆದು, ಟೋಪಿಯನ್ನು ನೆಲಕ್ಕೆ ಹಾಕಿದೆ.

“ಆ ಕೆಮ್ಮು, ಮಿಸೆಸ್ ಹ್ರುಶ್ಕಾ... ಅದು —”