ಗುಂಡಿಯ ಹೊಟ್ಟೆಯ ಹೊಲಿಗೆ

ಮಂಗಳವಾರ, ಹದಿನೇಳನೇ ತಾರೀಕು

ಮಗಳೇ,

ಆಶೀರ್ವಾದಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ತಪ್ಪು ನನ್ನದೇ. ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲೆ ಕೂತಿತ್ತು. ಮೊಣಕಾಲು ನೋವು ಹಾಗೇ ಇದೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ನಿನ್ನನ್ನು ಬೈಯಬೇಕು.

ಇವತ್ತು ಗುಂಡಿಯನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿಮ್ಮಮ್ಮ ತೀರಿಹೋಗಿ ವರ್ಷವಾಯಿತು. ಅವಳು ಕೈಯಾರೆ ಸಾಕಿದ ಜೀವ ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದೇ. ಅದಕ್ಕೂ ಆರು ತುಂಬಿತು. ಅದರದೊಂದು ಮರಿಯಾದರೂ ನನ್ನ ಹತ್ತಿರ ಇರಲಿ ಎಂದು ಆಸೆಪಟ್ಟೆ. ಬೇಕರಿಯವನ ಗಂಡು ನಾಯಿಯನ್ನು ನೋಡಿ ಒಪ್ಪಿಯೂ ಆಗಿತ್ತು; ಅವನೂ ನಾನೂ ಆಗಲೇ ಬೀಗರೆಂದು ಕರೆದುಕೊಳ್ಳುತ್ತಿದ್ದೆವು. ಈ ವಯಸ್ಸಿನಲ್ಲಿ ಮರಿ ಹಾಕಿಸಬಹುದೇ, ಯಾವ ದಿನ ಜೊತೆಗೆ ಬಿಡಬೇಕು, ಅಷ್ಟು ಕೇಳಿಕೊಂಡು ಬರೋಣವೆಂದು ಹೋದೆ.

ಡಾಕ್ಟರಮ್ಮ ಹೊಸಬರು. "ಕೊನೇ ಸಲ ಬೆದೆಗೆ ಬಂದಿದ್ದು ಯಾವಾಗ?" ಎಂದು ಕೇಳಿದರು. ನನಗೇನು ಗೊತ್ತು? ಅದೆಲ್ಲ ನಿಮ್ಮಮ್ಮ ನೋಡಿಕೊಳ್ಳುತ್ತಿದ್ದಳು. ಅವರು ಗುಂಡಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಕೂದಲು ಸರಿಸಿ, "ಇದೇನು ಗಾಯದ ಗುರುತು?" ಎಂದರು.

"ತಂತಿಬೇಲಿ ಗೀರಿದ್ದು. ಮಗಳು ಹೇಳಿದ್ಲು," ಎಂದೆ.

"ತಂತಿ ಇಷ್ಟು ನೆಟ್ಟಗೆ ಗೀರತ್ತಾ ಸರ್? ಇದು ಹೊಲಿಗೆ." ಆಮೇಲೆ ಸ್ಕ್ಯಾನ್ ಮಾಡಿ, "ಗರ್ಭಕೋಶಾನೇ ಇಲ್ಲ. ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿದ್ದಾರೆ. ನಿಮಗೆ ಗೊತ್ತಿಲ್ವಾ?" ಎಂದರು.

ನಲವತ್ತು ವರ್ಷ ಹೊಲಿದ ದರ್ಜಿ ನಾನು! ಕಂಡವರ ಕೋಟಿನ ಒಳಗಡೆ ಎಲ್ಲಿ ಬಿಚ್ಚಿ ಹೊಲಿದಿದ್ದಾರೆಂದು ಬೆರಳಲ್ಲೇ ಹೇಳುತ್ತೇನೆ, ನನ್ನ ನಾಯಿಯ ಹೊಟ್ಟೆಯ ಹೊಲಿಗೆ ಕಾಣಲಿಲ್ಲ. ಕಾಯುತ್ತ ಕೂತಿದ್ದವರೆಲ್ಲ ಮುಸಿಮುಸಿ ನಕ್ಕರು. "ಇಲ್ಲೇ ಮಾಡ್ಸಿರ್ಬೇಕು, ಹಳೇ ಫೈಲ್ ಹುಡುಕಿಸ್ತೀನಿ, ಕೂತ್ಕೊಳ್ಳಿ," ಎಂದರೂ ಕೇಳದೆ ಎದ್ದು ಬಂದೆ.

ಫೈಲು ಯಾಕೆ ಬೇಕು? ಮೂರು ವರ್ಷದ ಹಿಂದೆ ನಾನು ಕೆಲಸದ ಮೇಲೆ ಎರಡು ವಾರ ಬೇರೆ ಊರಿಗೆ ಹೋಗಿದ್ದಾಗ ಮನೆಗೆ ಬಂದಿದ್ದವಳು ನೀನು. ಬೇಲಿಯ ಕಥೆ ಕಟ್ಟಿದವಳೂ ನೀನೇ. ನಿಮ್ಮಮ್ಮ ನನಗೆ ಹೇಳದೆ ಒಂದು ಲೋಟವನ್ನೂ ಕೊಂಡವಳಲ್ಲ. ಅವಳ ಕಿವಿಯೂದಿ ಈ ಕೆಲಸ ಮಾಡಿಸಿದ್ದೀಯ. ಯಾರನ್ನು ಕೇಳಿ ಮಾಡಿಸಿದೆ? ನಾನೇನು ಸತ್ತಿದ್ದೆನೇ? ನನ್ನ ಮುಖಕ್ಕೆ ಸುಳ್ಳು ಹೇಳಿ, ನನ್ನದೇ ಮನೆಯಲ್ಲಿ ಉಂಡು ಹೋದೆಯಲ್ಲ! ಬರೆಯುತ್ತ ಬರೆಯುತ್ತ ಮೈ ಉರಿಯುತ್ತಿದೆ.

ಆದರೂ ಮಗಳು ನೀನು. ನೀನೂ ಅಳಿಯನೂ ಚೆನ್ನಾಗಿರಿ, ನಿಮ್ಮ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಇವತ್ತು ಗುರುವಾರ. ಕಾಗದ ಅಂಚೆಗೆ ಹಾಕುವ ಮೊದಲು, ಸಾಕ್ಷಿ ಕೈಯಲ್ಲಿರಲಿ ಎಂದು ಮತ್ತೆ ಆಸ್ಪತ್ರೆಗೆ ಹೋದೆ. ಫೈಲು ಸಿಕ್ಕಿತ್ತು. ಒಪ್ಪಿಗೆ ಹಾಳೆಯಲ್ಲಿ ನಿಮ್ಮಮ್ಮನ ಸಹಿ. ಅದರ ಕೆಳಗೆ ಅವಳದೇ ಅಕ್ಷರ: "ನಮ್ಮ ಮನೆಯವರಿಗೆ ತಿಳಿಸಬೇಡಿ." ಹಳೆಯ ಕಾಂಪೌಂಡರಿಗೆ ಅವಳ ನೆನಪಿತ್ತು. "ಮರಿ ಹಾಕಿದ್ರೆ ಅವರು ಮನೇಲಿ ಕೂಗಾಡ್ತಾರೆ, ನನಗಿನ್ನು ತಡ್ಕೊಳ್ಳೋಕಾಗಲ್ಲ ಅಂದಿದ್ರು ಅಮ್ಮ," ಎಂದ.

ಮೇಲೆ ಬರೆದದ್ದನ್ನು ಹರಿದು ಹಾಕಬೇಕಿತ್ತು. ಹಾಕಲಿಲ್ಲ. ನಾನು ಯಾವಾಗಲೂ ಹೀಗೇ ಇದ್ದೆನೇ, ಓದಿ ಹೇಳು. ನಾಯಿಯ ವಿಷಯ ಬಿಡು. ಮೂವತ್ತು ವರ್ಷ ಜೊತೆಗಿದ್ದವಳು ನನಗೆ ಅಷ್ಟು ಹೆದರುತ್ತಿದ್ದಳೇ? ನಿಜ ಬರೆ. ನೀನೂ ಹೆದರಿಕೊಂಡು ಸುಳ್ಳು ಬರೆಯಬೇಡ.