ಮೆಟ್ಟಿಲ ಕೆಳಗಿನ ಮೇಜನ್ನು ನಾವೀನ್ಯವೆಂದು ಕೊಂಡಾಡಿದವರಿಗೆ

ಮಾನ್ಯ ಆಯುಕ್ತರೇ,

ನಮ್ಮ ಸಭೆಗೆ ನೀವು ಹಣ ಕೊಟ್ಟಿರಿ; ಸಭೆ ಸತ್ತಿತು. ಅದನ್ನು ಈ ವರ್ಷ 'ಇನ್ನಷ್ಟು ಅರ್ಥಪೂರ್ಣವಾಗಿ' ನಡೆಸಿಕೊಡಬೇಕೆಂದು ಈಗ ನಿಮ್ಮ ಕಚೇರಿಯಿಂದ ನನಗೆ ಪತ್ರ ಬಂದಿದೆ. ಉತ್ತರವನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ಅದು ಯಾವ ಕಡತದಲ್ಲಿ ಮಲಗುತ್ತದೆ ಎಂಬುದು ಗೊತ್ತಿರುವುದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇದನ್ನಾದರೂ ನೀವು ಓದುವಿರೆಂಬ ನಂಬಿಕೆಯೇನೂ ಇಲ್ಲ. ಬರೆಯದೆ ಸುಮ್ಮನಿದ್ದರೆ ಮನೆಯಲ್ಲಿ ಅಕ್ಕನ ಮುಖ ನೋಡುವುದು ಕಷ್ಟ, ಅಷ್ಟೇ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಅಕ್ಕ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಳು. ಕಾಯಿಲೆಯಿಂದ ಕಾಲುಗಳ ಸ್ವಾಧೀನ ಹೋದ ಮೇಲೆ ನನ್ನೊಡನೆ ಇದ್ದಾಳೆ, ಗಾಲಿಕುರ್ಚಿಯಲ್ಲಿ. ಅವಳಿಗೆ ಬರುವ ಸಣ್ಣ ಮಾಸಾಶನ ನಿಲ್ಲದಿರಬೇಕಾದರೆ ತಾನು ಬದುಕಿರುವುದನ್ನು ವರ್ಷಕ್ಕೊಮ್ಮೆ ವಾರ್ಡ್ ಕಚೇರಿಗೆ ಖುದ್ದಾಗಿ ಹೋಗಿ ತೋರಿಸಬೇಕು. ಆ ಕಚೇರಿಯನ್ನು ನೀವು ಮೊದಲ ಮಹಡಿಗೆ ಸಾಗಿಸಿದಿರಿ. ಲಿಫ್ಟ್ ಇಲ್ಲ. ಮೊದಲ ವರ್ಷ ಕಾರು ಕಲಿಯಲು ಬಂದಿದ್ದ ಇಬ್ಬರನ್ನು ಬೇಡಿಕೊಂಡು ಅವಳನ್ನು ಕುರ್ಚಿಸಮೇತ ಎತ್ತಿಸಿದೆ. ಅರ್ಧ ಹತ್ತಿದಾಗ ಒಬ್ಬನ ಕೈ ಜಾರಿತು. ಅಕ್ಕ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಬದುಕಿದೀನಿ ಅಂತ ತೋರ್ಸೋಕೆ ಹೋಗಿ ಬಿದ್ದು ಸತ್ರೆ, ಆ ಸರ್ಟಿಫಿಕೇಟ್ ಯಾವ ಮಹಡೀಲಿ ಕೊಡ್ತಾರೆ ಕೇಳೇ" ಅಂದಳು. ಹೊತ್ತವರು ನಕ್ಕರು. ನನಗೆ ನಗು ಬರಲಿಲ್ಲ.

ಈ ಕಥೆಯನ್ನು ನನ್ನ ಹತ್ತಿರ ಕ್ಲಚ್ಚು ಬಿಡುವುದನ್ನು ಕಲಿಯುತ್ತಿದ್ದ ಒಬ್ಬ ಉಪನ್ಯಾಸಕಿಗೆ ಹೇಳಿದೆ. ಇಂಥವನ್ನೇ ಮಾತಾಡಲು ಒಂದು ಸಭೆ ಕರೆಯೋಣ, ಅದನ್ನು ಅನ್‌ಕಾನ್ಫರೆನ್ಸ್ ಅನ್ನುತ್ತಾರೆ ಎಂದರು. ಭಾಷಣಕಾರರಿಲ್ಲ, ಅಧ್ಯಕ್ಷರಿಲ್ಲ, ಮೊದಲೇ ಬರೆದಿಟ್ಟ ಕಾರ್ಯಸೂಚಿಯಿಲ್ಲ. ಬಂದವರು ತಮಗೆ ಬೇಕಾದ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಆಸಕ್ತಿಯಿದ್ದವರು ಅದರ ಸುತ್ತ ಕೂರುತ್ತಾರೆ, ಸಾಕೆನಿಸಿದವರು ಎದ್ದು ಇನ್ನೊಂದು ಗುಂಪಿಗೆ ಹೋಗುತ್ತಾರೆ. ಅಕ್ಕ ಕೇಳಿಸಿಕೊಂಡು, "ಆ ಹೆಸರು ನನ್ನ ಬಾಯಲ್ಲಿ ಹೊರಳಲ್ಲಮ್ಮ. ಆದ್ರೆ ಹೀಗೆ ಮಾತಾಡೋದು ಬಸ್‌ಸ್ಟ್ಯಾಂಡಲ್ಲಿ ದಿನಾ ನಡೀತಿತ್ತು" ಅಂದಳು.

ಒಂದು ಭಾನುವಾರ ನಮ್ಮ ಡ್ರೈವಿಂಗ್ ಸ್ಕೂಲಿನ ತರಗತಿಯಲ್ಲೇ ಸೇರಿದೆವು. ಖರ್ಚೆಂದರೆ ಚಹಾ ನಮ್ಮದು, ಬನ್ನು ಪಕ್ಕದ ಬೇಕರಿಯವರದು. ರಸ್ತೆಚಿಹ್ನೆಗಳ ಪಟಗಳ ನಡುವೆ ಜನ ಚೀಟಿ ಅಂಟಿಸಿದರು. 'ನಿಲುಗಡೆ ಇಲ್ಲ' ಎಂಬ ಪಟದ ಕೆಳಗೇ ಕಸದ ಗಾಡಿಯ ಬಗ್ಗೆ ಎಂಟು ಹತ್ತು ಚೀಟಿ ನಿಂತುಬಿಟ್ಟವು. ಅಕ್ಕ ಬರೆದದ್ದು: 'ಮೇಲೆ ಹತ್ತಲಾಗದವರ ಕೆಲಸ ಕೆಳಗೆ ಆಗುವುದು ಹೇಗೆ?' ವಾರ್ಡ್ ಕಚೇರಿಯ ಗುಮಾಸ್ತರೊಬ್ಬರು ಬಾಗಿಲ ಹತ್ತಿರವೇ ನಿಂತಿದ್ದರು, ಯಾರಾದರೂ ಬೈದರೆ ಹೊರಟುಬಿಡುವ ತಯಾರಿಯಲ್ಲಿ. ಯಾರೂ ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ ಬಂದು ಅಕ್ಕನ ಗುಂಪಿನಲ್ಲಿ ಕೂತರು.

"ಮೆಟ್ಟಿಲ ಕೆಳಗೆ ಜಾಗ ಇದೆ. ಹಳೇ ಮೇಜೂ ಬಿದ್ದಿದೆ. ಬುಧವಾರ ಬೆಳಿಗ್ಗೆ ನಾನಲ್ಲಿ ಕೂತ್ಕೋಬಹುದು" ಎಂದರು.

"ಅದಕ್ಕೆ ಯಾರನ್ನ ಕೇಳ್ಬೇಕು?" ಅಂದೆ.

"ಕೇಳಿದ್ರೆ ಆಗಲ್ಲ ಮೇಡಂ. ಕೂತ್ಕೊಂಡ್ಬಿಟ್ರೆ ಆಗುತ್ತೆ."

ಆಡಳಿತದ ಬಗ್ಗೆ ಇಷ್ಟು ದಿಟವಾದ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ. ಅವರು ಕೂತೇಬಿಟ್ಟರು. ಮಂಡಿನೋವಿನವರು, ಬಸುರಿಯರು, ಕೈಗೂಸಿನವರು ಬರತೊಡಗಿದರು. ಅಕ್ಕನ ಕೆಲಸ ಮೊದಲ ಬುಧವಾರವೇ ಮುಗಿದಿತ್ತು. ಆದರೂ ಅವಳು ಪ್ರತಿ ಬುಧವಾರ ಸೀರೆಗೆ ಇಸ್ತ್ರಿ ಹಾಕಿಸಿ ಹೊರಡುತ್ತಿದ್ದಳು. ಮೇಜಿನ ಪಕ್ಕದಲ್ಲಿ ಕೂತು ಬರಹ ಬಾರದವರ ಅರ್ಜಿ ಬರೆದುಕೊಡುತ್ತಿದ್ದಳು, ಹಳೆಯ ಅಭ್ಯಾಸದಂತೆ "ಸಾಲಲ್ಲಿ ಬನ್ನಿ, ಸಾಲಲ್ಲಿ ಬನ್ನಿ" ಎಂದು ಗದರುತ್ತಿದ್ದಳು. ಮನೆಗೆ ಬಂದರೆ ರಾತ್ರಿ ಊಟದವರೆಗೂ ಅದೇ ಸುದ್ದಿ. ಎಷ್ಟೋ ವರ್ಷಗಳ ನಂತರ ಅವಳ ಮಾತು ನನಗೆ ಸಾಕಾಗುವಷ್ಟು ಸಿಕ್ಕಿತು.

ಆಗ ನಿಮಗೆ ಸುದ್ದಿ ಮುಟ್ಟಿತು. ಸ್ಥಳೀಯ ಆಡಳಿತದಲ್ಲಿ ಹೊಸತನ ತರಲು ನಿಮ್ಮಲ್ಲೊಂದು ನಿಧಿಯಿದೆಯಂತೆ, ವರ್ಷ ಮುಗಿಯುವುದರೊಳಗೆ ಅದು ಖರ್ಚಾಗಬೇಕಂತೆ. ದೊಡ್ಡ ಸಭಾಂಗಣ ಸಿಕ್ಕರೆ ಎಲ್ಲ ವಾರ್ಡಿನವರನ್ನೂ ಕರೆಯಬಹುದು, ಅಕ್ಕನಂಥವರನ್ನು ಕರೆತರಲು ಗಾಡಿ ಮಾಡಬಹುದು ಎಂದು ನಾವೂ ಒಪ್ಪಿದೆವು. ಒಪ್ಪಿದ ಮೇಲೆ ಷರತ್ತುಗಳು ಬಂದವು. ಭಾಷಣಕಾರರ ಹೆಸರು ಬೇಕು. ಮುಖ್ಯ ಅತಿಥಿ ಬೇಕು. ಸಭೆಯಿಂದ ಹೊಮ್ಮಲಿರುವ ನಿರ್ಣಯಗಳನ್ನು ಸಭೆಗೆ ಮೊದಲೇ ಸಲ್ಲಿಸಬೇಕು. ಜನ ಬರುವ ಮುನ್ನವೇ ಜನ ಏನು ಹೇಳುತ್ತಾರೆಂದು ತಿಳಿದಿರುವ ಕಚೇರಿಗೆ ಜನರಾದರೂ ಯಾಕೆ ಬೇಕು, ಮಾನ್ಯರೇ? ಉಪನ್ಯಾಸಕಿ ನಿಮ್ಮ ಕಾರ್ಯಕ್ರಮಾಧಿಕಾರಿಯೊಂದಿಗೆ ವಾದಿಸಿ ವಾದಿಸಿ ಗಂಟಲು ಕಟ್ಟಿಸಿಕೊಂಡರು. ಕೊನೆಗೆ ಆಹ್ವಾನಪತ್ರಿಕೆಯಲ್ಲಿ ಒಂದು ಸಾಲಿನ ಜಾಗ ಸಿಕ್ಕಿತು: 'ಸ್ವಯಂಪ್ರೇರಿತ ಚರ್ಚೆ, ಸಮಯಾವಕಾಶವಿದ್ದಲ್ಲಿ.'

ಸಮಯಾವಕಾಶ ಇರಲಿಲ್ಲ. ಅಂದು ನೀವೂ ಇದ್ದಿರಿ, ನೆನಪಿಲ್ಲದಿದ್ದರೆ ನೆನಪಿಸುತ್ತೇನೆ. ಸಭಾಂಗಣದ ಗೋಡೆಗೆ ಬಣ್ಣ ಹಾಳಾಗುತ್ತದೆಂದು ಏನನ್ನೂ ಅಂಟಿಸಲು ಬಿಡಲಿಲ್ಲ. ಜನ ಬರೆದ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅಕ್ಕ ತನ್ನ ಮಾತನ್ನು ವಾರವಿಡೀ ಕನ್ನಡಿಯೆದುರು ಹೇಳಿ ರೂಢಿ ಮಾಡಿಕೊಂಡಿದ್ದಳು. ವೇದಿಕೆಗೆ ಮೆಟ್ಟಿಲುಗಳಷ್ಟೇ ಇದ್ದವು. "ಅವ್ರನ್ನ ಮುಂದಿನ ಸಾಲಲ್ಲೇ ಬಿಡಿ, ಫೋಟೋ ಚೆನ್ನಾಗಿ ಬರುತ್ತೆ" ಎಂದರು ನಿಮ್ಮ ಕಾರ್ಯಕ್ರಮಾಧಿಕಾರಿ. ನೀವು ಮೇಜಿನ ಬಗ್ಗೆ ಮಾತಾಡಿದಿರಿ. ಅದಕ್ಕೆ 'ಸೋಪಾನತಲ ಸೇವಾ ಮಾದರಿ' ಎಂದು ನಾಮಕರಣವಾಗಿತ್ತು. ಬಳಿಕ ಕೆಳಗಿಳಿದು ಬಂದು 'ಫಲಾನುಭವಿ' ಎಂದು ಅಕ್ಕನ ಕೈಗೆ ಸ್ಮರಣಿಕೆ ಕೊಟ್ಟಿರಿ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನೀವು ಕ್ಯಾಮೆರಾದ ಕಡೆ ತಿರುಗಿದ್ದಿರಿ. ಆಮೇಲೆ ಅವಳು ಕೈಯೆತ್ತಿದಳು. ನಿರೂಪಕರು "ಪ್ರಶ್ನೆಗಳು ಕೊನೆಯಲ್ಲಿ" ಎಂದರು. ಕೊನೆಯಲ್ಲಿ ಊಟವಿತ್ತು.

ಮುಂದಿನ ಬುಧವಾರ ಎಂದಿನಂತೆ ಅವಳನ್ನು ಕರೆದುಕೊಂಡು ಹೋದೆ. ಮೆಟ್ಟಿಲ ಕೆಳಗೆ ಯಾರೋ ಬೈಕು ನಿಲ್ಲಿಸಿದ್ದರು. ಗುಮಾಸ್ತರು ಮೇಲಿನಿಂದ ಇಳಿದು ಬಂದರು, ಅಕ್ಕನನ್ನು ನೋಡದೆ ನನ್ನೊಡನೆ ಮಾತಾಡಿದರು.

"ಈಗ ಅದು ಯೋಜನೆ, ಮೇಡಂ. ಎಲ್ಲಾ ವಾರ್ಡಿಗೂ ಒಂದೇ ಥರ ಬರುತ್ತಂತೆ. ಸಮಿತಿ ವರದಿ ಕೊಡೋವರೆಗೂ ನಾನು ಮುಟ್ಟೋ ಹಾಗಿಲ್ಲ."

"ಮೇಜೆಲ್ಲಿ?" ಎಂದು ಕೇಳಿದ್ದು ಅಕ್ಕ.

ಅವರು ತಲೆ ತಗ್ಗಿಸಿದರು. "ಮೇಲಿದೆ ಅಕ್ಕಾ. ಮಾದರಿ ಅಂತ ಇಟ್ಕೊಂಡಿದಾರೆ."

ಇಂಥ ಮಾತಿಗೆ ಅಕ್ಕ ಏನಾದರೊಂದು ಕೊಂಕು ನುಡಿಯದೆ ಬಿಡುವವಳಲ್ಲ. ಅಂದು ಮಾತ್ರ ಅರ್ಜಿ ಬರೆಸಲು ಬಂದು ನಿಂತಿದ್ದ ಒಬ್ಬ ಮುದುಕಿಗೆ ಅಲ್ಲೇ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆದುಕೊಟ್ಟಳು. "ನಡಿಯೇ" ಎಂದಳು.

ನಾವು ಕೈಕಟ್ಟಿ ಕೂರಲಿಲ್ಲ. ಹಳೆಯ ಹಾಗೆ, ನಮ್ಮ ತರಗತಿಯಲ್ಲೇ ಇನ್ನೊಮ್ಮೆ ಕರೆದೆವು. ಬನ್ನು ಕೇಳಲು ಹೋದರೆ ಬೇಕರಿಯವರು, "ನಿಮಗೀಗ ಮೇಲಿಂದ ದುಡ್ಡು ಬರುತ್ತಲ್ಲ, ನಮ್ಮಂಥವರ ಹತ್ರ ಯಾಕೆ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದೂರವಿತ್ತು. ಬಂದವರು ಬೆರಳೆಣಿಕೆ. ಅವರಲ್ಲೂ ಒಬ್ಬರು ಮುಖ್ಯ ಅತಿಥಿ ಎಷ್ಟು ಹೊತ್ತಿಗೆ ಬರುತ್ತಾರೆಂದು ವಿಚಾರಿಸಿದರು. ಗುಮಾಸ್ತರು ಬರಲಿಲ್ಲ, ಬಂದರೆ ಏನಾಗುತ್ತದೆಂದು ಅವರಿಗೆ ತಿಳಿದಿರಬೇಕು, ನಾನು ದೂರುವುದಿಲ್ಲ. ಉಳಿದ ಹಣವನ್ನು ಹಿಂತಿರುಗಿಸಲು ನಿಮ್ಮ ಕಚೇರಿಗೆ ಹೋದರೆ, ಹಿಂದಕ್ಕೆ ಪಡೆಯುವ ನಿಯಮವಿಲ್ಲ, ಇನ್ನೊಂದು ಸಭೆ ಮಾಡಿ ಎಂದರು.

ಈ ವರ್ಷ ಅಕ್ಕ ತಾನು ಬದುಕಿದ್ದೇನೆಂದು ತೋರಿಸಲು ಹೋಗಲಿಲ್ಲ. ನಾಲ್ಕು ಜನರನ್ನು ಕರೆತರುತ್ತೇನೆ, ಜೋಪಾನವಾಗಿ ಎತ್ತಿಸುತ್ತೇನೆ ಎಂದು ಗೋಗರೆದೆ. "ಬೇಡ ಬಿಡು. ಫೋಟೋ ಇದೆಯಲ್ಲ ಅವ್ರ ಹತ್ರ" ಎಂದಳು. ಮಾಸಾಶನ ನಿಂತಿದೆ. ಅದಿಲ್ಲದಿದ್ದರೂ ನಮ್ಮ ಒಲೆ ಆರುವುದಿಲ್ಲ. ಆದರೆ ಬುಧವಾರ ಬಂದರೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಇದಕ್ಕೆ ಯಾವ ಸಮಿತಿಯ ವರದಿ ಬರಬೇಕು?

ಮೇಜನ್ನು ಕೆಳಗಿಳಿಸಿ ಎಂದು ಕೇಳಲಾರೆ. ಕೇಳಿದರೆ ಆಗುವುದಿಲ್ಲವೆಂದು ಬಲ್ಲವರು ಮೊದಲೇ ಹೇಳಿದ್ದಾರೆ. ನನ್ನ ಬೇಡಿಕೆ ಬೇರೆ. ನಿಮ್ಮ ವಾರ್ಷಿಕ ವರದಿಯಲ್ಲಿ ನಮ್ಮ ಸಭೆಯ ಮುಂದೆ 'ಯಶಸ್ವಿ' ಎಂದು ಅಚ್ಚಾಗಿದೆ. ಅದನ್ನು ಹೊಡೆದುಹಾಕಿ 'ವಿಫಲ' ಎಂದು ಬರೆಯಿರಿ. ಪರೀಕ್ಷೆಯಲ್ಲಿ ಫೇಲಾದ ನನ್ನ ವಿದ್ಯಾರ್ಥಿ ಮತ್ತೆ ಬಂದು ಸ್ಟಿಯರಿಂಗ್ ಹಿಡಿಯುತ್ತಾನೆ. ಸುಳ್ಳುಸುಳ್ಳೇ ಪಾಸಾದವನು ನೇರ ರಸ್ತೆಗಿಳಿದು ಯಾರಿಗೋ ಗುದ್ದುತ್ತಾನೆ. ಸೋತಿತೆಂದು ದಾಖಲಾದರೆ, ಎಂದಾದರೂ, ನಮಗೆ ಗೊತ್ತಿಲ್ಲದ ಯಾರಾದರೂ, ಯಾಕೆ ಸೋತಿತೆಂದು ಕೇಳಿಯಾರು. ಗೆದ್ದಿತೆಂದು ಬರೆದುಬಿಟ್ಟರೆ ಕೇಳುವವರೂ ಇರುವುದಿಲ್ಲ. ಈ ಒಂದು ಪದಕ್ಕೆ ನಿಧಿ ಬೇಕಿಲ್ಲ, ಅತಿಥಿ ಬೇಕಿಲ್ಲ. ನೀವು ಬರೆಯುವುದಿಲ್ಲವೆಂದೂ ಬಲ್ಲೆ.

ಇಂತಿ,
ಇನ್ನು ಯಾರನ್ನೂ ಯಾವ ಸಭೆಗೂ ಕರೆಯಲು ಬಾಯಿ ಬಾರದ,
ಡ್ರೈವಿಂಗ್ ಸ್ಕೂಲ್ ಮೇಡಂ