ನದಿ ದಂಡೆಯ ಮಿಶನ್ನಿಗೆ ಹೊರಟ ಪೆಟ್ಟಿಗೆಗಳು

ಫೆಬ್ರವರಿ 15, ಶನಿವಾರ

ತಮ್ಮ ಬೊನನಿಗೆ ಕಳಿಸುವ ಪೆಟ್ಟಿಗೆ ಕಟ್ಟಿಯಾಯಿತು. ಸೊಳ್ಳೆಪರದೆ, ಸಾಬೂನು, ಒಆರ್‌ಎಸ್, ಸೋಲಾರ್ ಟಾರ್ಚ್. ಅವನಿಗೆಂದು ಬನಿಯನ್, ಒಂದಿಷ್ಟು ಕುಚ್ಚಲಕ್ಕಿ. ಮುಚ್ಚಳ ಕೂರಲಿಲ್ಲ. ಮೀನಾ ಅಬ್ದುಲ್ಲಾ ರಿಫೈನರಿಯ ಶಿಫ್ಟ್ ಮುಗಿಸಿ ಬಂದ ಯೂಜಿನ್ ಪೆಟ್ಟಿಗೆಯ ಮೇಲೆ ಕೂತ, ನಾನು ಟೇಪ್ ಎಳೆದೆ. ಗಂಡ ಎಂದ ಮೇಲೆ ಇಂಥದ್ದಕ್ಕೂ ಬೇಕು.

ಶುವೈಖ್ ಬಂದರಿನ ಕಾರ್ಗೋ ಆಫೀಸಿನಲ್ಲಿ ಉಮ್ಮರಬ್ಬಾಕ. ನಮ್ಮ ಹಾಗೆ ಗಲ್ಫಿಗೆ ಬಂದ ಉಳ್ಳಾಲದವರು. ಪ್ರತಿ ಸಲವೂ ಅದೇ ಪ್ರಶ್ನೆ.

“ನಿಮ್ಮ ತಮ್ಮ ಫಾದರ್ ಇರುವಲ್ಲಿ ಅಂಗಡಿಯೇ ಇಲ್ವಾ, ಬಾಯಮ್ಮಾ?”

“ಅಂಗಡಿ ಉಂಟಂತೆ. ಒಳಗೆ ಎಂತದೂ ಇಲ್ಲ.”

ದಕ್ಷಿಣ ಸುಡಾನಿನ ಆ ನದಿ ದಂಡೆಗೆ ಬೊನನಿಗಿಂತ ಮೊದಲು ಒಬ್ಬ ಪಾದ್ರಿಯೂ ಹೋಗಿರಲಿಲ್ಲ. ನೈರೋಬಿವರೆಗೆ ಕಾರ್ಗೋ, ಆಮೇಲೆ ಜುಬಾ, ಅಲ್ಲಿಂದ ಸಣ್ಣ ವಿಮಾನ — ಅದರಲ್ಲಿ ಜಾಗ ಇದ್ದರೆ.

ಮಾರ್ಚ್ 6

ನಾನು ಕೆಲಸ ಮಾಡುವ ಕ್ಲಿನಿಕ್ ಫಾರ್ಮಸಿಯಲ್ಲಿ ರಶ್. ಊಟದ ಹೊತ್ತಿಗೆ ಬೊನನ ವಾಯ್ಸ್ ಮೆಸೇಜ್ ಕೇಳಿದೆ. ಕ್ರಿಸ್‌ಮಸ್‌ಗೆ ಕಳಿಸಿದ್ದು ಈಗ ಸಿಕ್ಕಿದೆಯಂತೆ! ಸಾಬೂನನ್ನು ನಾಲ್ಕು ತುಂಡು ಮಾಡಿ ಹಂಚಿದನಂತೆ. ಮಿಶನ್ನಿನ ಅಡುಗೆಯವಳಾದ ನ್ಯಾಬೋಲ್‌ಗೆ ಒಂದು ಮಗಳು, ಈಗಷ್ಟೇ ನಡೆಯಲು ಕಲಿತಿದೆ. ಅವನ ನಿಲುವಂಗಿ ಹಿಡಿದುಕೊಂಡು ಪೂಜೆಯ ನಡುವೆಯೂ ಅಲ್ಲೇ ನಿಲ್ಲುತ್ತದಂತೆ. ಹೇಳುತ್ತಾ ನಗುತ್ತಿದ್ದ. ಎರಡು ಸಲ ಕೇಳಿದೆ, ಆ ನಗುವಿಗೋಸ್ಕರ.

ಮಾರ್ಚ್ 19

ಸುದ್ದಿ ಚೆನ್ನಾಗಿಲ್ಲ. ಮಿಶನ್ನಿನ ಪಕ್ಕದ ಊರಿಗೆ ಬಾಂಬ್ ಬಿದ್ದಿದೆ. ಬೊನನಿಂದ ಒಂದೇ ಸಾಲು — ಜನ ಚರ್ಚಿನ ಕಾಂಪೌಂಡಿಗೆ ಬಂದಿದ್ದಾರೆ, ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಏನು?

ಮಾರ್ಚ್ 21, ಶುಕ್ರವಾರ

ಲೈನ್ ಸಿಕ್ಕಿತು. ಅವನ ಸಭೆಯ ಮುಖ್ಯಸ್ಥರು, ಸುಪೀರಿಯರ್, ಹೊರಡು ಎಂದಿದ್ದಾರೆ, ಇವನು ಒಪ್ಪುತ್ತಿಲ್ಲ.

“ನಾನು ಹೋದರೆ ಇವರು ಎಂತ ಮಾಡುವುದು ಅಕ್ಕಾ?”

“ನೀನು ಸತ್ತರೆ ಇವರು ಎಂತ ಮಾಡುವುದು?”

ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ಮಗುವನ್ನು ಗದರುತ್ತಿದ್ದರು.

“ಎಲ್ಲ ಬಿಟ್ಟು ಬಾ,” ಎಂದೆ. “ಬಿಟ್ಟು ಬಂದ ಪಾಪ ನನಗಿರಲಿ.”

ಲೈನ್ ಕಟ್ಟಾಯಿತು. ಕೇಳಿಸಿತೋ ಇಲ್ಲವೋ.

ಮಾರ್ಚ್ 24

ಬಂದ! ನೈರೋಬಿಯಲ್ಲಿದ್ದಾನೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಇಬ್ಬರೂ ಅತ್ತೆವು. ಕ್ಲಿನಿಕ್‌ನಲ್ಲಿ ಎಲ್ಲರಿಗೂ ಬಸ್ಬೂಸಾ ಸಿಹಿ ಹಂಚಿದೆ.

ಏಪ್ರಿಲ್ 18, ಗುಡ್ ಫ್ರೈಡೆ

ಬೊನ ಇಲ್ಲಿ ನಮ್ಮ ಮನೆಗೆ ಬಂದು ವಾರವಾಯಿತು. ವಿಸಿಟ್ ವೀಸಾ ಯೂಜಿನ್ ಮಾಡಿಸಿದ. ತೆಳ್ಳಗಾಗಿದ್ದಾನೆ, ಅದು ಸರಿ. ಆದರೆ ಮಾತಿಲ್ಲ. ತಟ್ಟೆಯ ಅನ್ನ ಆಚೆ ಈಚೆ ತಳ್ಳುತ್ತಾನೆ. ಮೀನು ಹುರಿದರೂ ಅಷ್ಟೆ.

ಇವತ್ತು ಚರ್ಚಿನ ಹೊರಗೆ ನಮ್ಮವರೆಲ್ಲ ಸುತ್ತುವರಿದರು. ಪ್ರೇಯರ್ ಗ್ರೂಪಿನ ಇನೆಜ್ ಅವನ ಕೈ ಹಿಡಿದುಕೊಂಡು, “ದೇವರೇ ನಿಮ್ಮನ್ನು ಉಳಿಸಿದ್ದು ಫಾದರ್. ಒಂದು ಥ್ಯಾಂಕ್ಸ್‌ಗಿವಿಂಗ್ ಪೂಜೆ ಇಡುವ,” ಎಂದರು. ಅವನು ಕೈ ಬಿಡಿಸಿಕೊಂಡು ನಡೆದೇಬಿಟ್ಟ. ಹುಡುಕಿದರೆ ಪಾರ್ಕಿಂಗ್‌ನಲ್ಲಿ, ಬಿಸಿಲಿನಲ್ಲಿ, ಲಾಕ್ ಆದ ಕಾರಿನ ಪಕ್ಕ ನಿಂತಿದ್ದ.

ಇನೆಜ್ ಮುಖ ನೋಡಲು ನನಗೇ ನಾಚಿಕೆ.

ಏಪ್ರಿಲ್ 26

ಪ್ರೇಯರ್ ಗ್ರೂಪಿನವರು ಮಿಶನ್ನಿಗೆಂದು ಕೊಟ್ಟ ಸಾಮಾನು ಕಾರಿಡಾರ್ ತುಂಬಿದೆ. ಕಳಿಸುವುದೋ ಬೇಡವೋ ತಿಳಿಯದೆ ಉಮ್ಮರಬ್ಬಾಕನನ್ನು ಕರೆದೆ. ಪಿಕಪ್ ತಂದರು. ಅವರು ಬೊನನನ್ನು ನೋಡಿದ್ದು ಇದೇ ಮೊದಲು. ಖುಷಿಯಿಂದ ಕೈ ಕುಲುಕಿದರು.

“ಅಲ್ಲಿ ಜನ ಇದ್ದಾರಾ ಫಾದರ್, ಈಗ?”

“ಇದ್ದಾರೆ. ಕೆಲವರು ಓಡಿ ಜುಬಾದ ಕ್ಯಾಂಪಿಗೆ ಬಂದಿದ್ದಾರಂತೆ.”

“ಹಾಗಾದರೆ ಜುಬಾವರೆಗೆ ನಾನು ಮುಟ್ಟಿಸ್ತೇನೆ. ಅದಕ್ಕೆ ಎಂತ ತೊಂದರೆ ಇಲ್ಲ. ಅಲ್ಲಿ ಬಿಡಿಸಿಕೊಳ್ಳುವವರು ಯಾರು?”

ಬೊನ ಬಗ್ಗಿ ಒಂದು ಪೆಟ್ಟಿಗೆಯ ಟೇಪ್ ಒತ್ತಿ ಒತ್ತಿ ಕೂರಿಸಿದ. ಉಮ್ಮರಬ್ಬಾಕ ನನ್ನ ಮುಖ ನೋಡಿದರು. ಚಹಾ ಕುಡಿದು, ಖಾಲಿ ಪಿಕಪ್‌ನಲ್ಲಿ ಹೋದರು.

ಬಾಗಿಲು ಹಾಕಿದ ಮೇಲೆ ಬೊನ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು ಹೇಳಿದ. ವಿಮಾನ ಹತ್ತುವಾಗ ನ್ಯಾಬೋಲ್ ಮಗಳನ್ನು ಅವನ ಕೈಗೆ ಕೊಟ್ಟಳಂತೆ. ಮಗುವಿಗೆ ಜಾಗ ಇಲ್ಲ, ಆಗುವುದಿಲ್ಲ ಎಂದನಂತೆ ಪೈಲಟ್.

“ಮಡಿಲಲ್ಲಿ ಕೂರಿಸಬಹುದಿತ್ತು ಅಕ್ಕಾ. ಜಗಳ ಮಾಡಬಹುದಿತ್ತು. ಮಾಡಲಿಲ್ಲ. ತಿರುಗಿ ಅವಳ ಕೈಗೇ ಕೊಟ್ಟೆ. ಮಗು ನಿಲುವಂಗಿ ಬಿಡ್ತಾ ಇರಲಿಲ್ಲ. ಬೆರಳು ಬಿಡಿಸಿದೆ.”

“ನಾನು ಹೇಳಿದ್ದಕ್ಕೆ ತಾನೇ ನೀನು ಬಂದದ್ದು —”

“ಅಲ್ಲ. ಹೆದರಿ ಬಂದದ್ದು.”

ಪಾಪ ನನಗಿರಲಿ ಎಂದಿದ್ದೆ. ಅದನ್ನೂ ಕೊಡಲಿಲ್ಲ ಅವನು.

ಮೇ 8

ಬೊನ ಜುಬಾಕ್ಕೆ ಹೋಗುತ್ತಾನಂತೆ. ಕ್ಯಾಂಪಿನಲ್ಲಿ ಇರುತ್ತಾನಂತೆ. ಸುಪೀರಿಯರ್ ಒಪ್ಪಿದ್ದಾರೆ. ಅಲ್ಲಿ ನ್ಯಾಬೋಲ್ ಇದ್ದಾಳಾ ಎಂದು ಕೇಳಿದೆ. ಗೊತ್ತಿಲ್ಲ. ಮಗು? ಗೊತ್ತಿಲ್ಲ. ಜುಬಾದಲ್ಲಿ ಶಾಂತಿ ಉಂಟಾ? ಅದೂ ಗೊತ್ತಿಲ್ಲ. ಮತ್ತೆ ಎಂತಕ್ಕೆ ಹೋಗುವುದು!

ಕೂಗಾಡಿದೆ. ಕೂಗಿದ್ದು ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು. ಅವನು ಸ್ನಾನಕ್ಕೆ ಹೋದಾಗ ಬ್ಯಾಗಿನಿಂದ ಅವನ ಪಾಸ್‌ಪೋರ್ಟ್ ತೆಗೆದು ಅಕ್ಕಿ ಡಬ್ಬದಲ್ಲಿಟ್ಟೆ.

ಮೇ 10

ಅವನಿಗೆ ಗೊತ್ತಾಗಿದೆ. ಕೇಳುತ್ತಿಲ್ಲ. ಬ್ಯಾಗಿನ ಜಿಪ್ ತೆರೆದು, ನೋಡಿ, ಮುಚ್ಚಿದ. ಯೂಜಿನ್ “ಕೊಟ್ಟುಬಿಡು ಮಾರಾಯ್ತಿ” ಎಂದ. ಅವನಿಗೂ ತಿರುಗಿ ಅಂದೆ — ನಿನ್ನ ತಮ್ಮನಾಗಿದ್ದರೆ ಕೊಡ್ತಿದ್ದೆಯಾ?

ಮೇ 11

ಅನ್ನಕ್ಕಿಡಲು ಹೋದ ಮಗಳು ಕ್ಲಾರಿಸ್ಸಾಳಿಗೆ ಪಾಸ್‌ಪೋರ್ಟ್ ಸಿಕ್ಕಿತು. ಅಕ್ಕಿ ಕೊಡವಿ ನನ್ನ ಮುಂದೆ ಹಿಡಿದಳು. ಹದಿನಾರು ವರ್ಷ ಇವಳಿಗೆ.

“ಮಮ್ಮಿ, ದಟ್ಸ್ ವಾಟ್ ಕಫೀಲ್ಸ್ ಡೂ.”

ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಈ ದೇಶದಲ್ಲಿ ಕೆಲಸದವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಕಫೀಲರನ್ನು, ಆ ಧಣಿಗಳನ್ನು, ನಾನೇ ಎಷ್ಟು ಬೈದಿಲ್ಲ, ಇವಳ ಎದುರೇ.

ಒರೆಸಿ, ಬೊನನ ದಿಂಬಿನ ಮೇಲಿಟ್ಟು ಬಂದೆ.

ಮೇ 16, ಶುಕ್ರವಾರ

ಪೂಜೆಗೆ ಹೋಗಲಿಲ್ಲ. ಏರ್‌ಪೋರ್ಟ್. ಉಮ್ಮರಬ್ಬಾಕ ಪೆಟ್ಟಿಗೆಗಳನ್ನು ನಿನ್ನೆಯೇ ಕೊಂಡುಹೋದರು. ಬಿಡಿಸಿಕೊಳ್ಳುವವರ ಹೆಸರು ಬೊನನೇ ಹೇಳಿದ — ಫಾದರ್ ಬೊನವೆಂಚರ್, ಜುಬಾ. ಉಮ್ಮರಬ್ಬಾಕ ಬರೆದುಕೊಂಡು, “ಇನ್ಶಾಅಲ್ಲಾ” ಎಂದರು, ಮತ್ತೇನೂ ಕೇಳಲಿಲ್ಲ.

ಕಾರಿನಲ್ಲಿ ದಾರಿಯುದ್ದಕ್ಕೂ ಬೈದೆ. ಶರ್ಟಿಗೆ, ಚಪ್ಪಲಿಗೆ, ಸಿಕ್ಕಿದ್ದಕ್ಕೆಲ್ಲ. ಅವನು ಕೇಳುತ್ತಾ ಕೂತಿದ್ದ. ಇಳಿಯುವಾಗ “ಹಸಿವಾಗ್ತಾ ಉಂಟು” ಎಂದ. ಅಷ್ಟು ದಿನದಲ್ಲಿ ಮೊದಲ ಸಲ. ಸ್ಯಾಂಡ್‌ವಿಚ್ ಕೊಡಿಸಿದೆ. ನಿಂತಲ್ಲೇ ಪೂರ್ತಿ ತಿಂದ. ಬೇಗ ಬಾ ಎನ್ನಲಿಲ್ಲ. ಹುಷಾರು ಎಂದೂ ಅನ್ನಲಿಲ್ಲ. ತಲೆ ಮುಟ್ಟಿದೆ, ಅವನಿಗೆ ಐದು ವರ್ಷ ಇದ್ದಾಗ ಮಾಡುತ್ತಿದ್ದಂತೆ. ಒಳಗೆ ಹೋದ.

ಬೋರ್ಡಿಂಗ್ ಆಯಿತು ಎಂದು ಮೆಸೇಜ್ ಬಂದಿದೆ.

ಅವನು ಜುಬಾಕ್ಕೆ ಹೊರಟದ್ದನ್ನು ಅಮ್ಮನಿಗೆ ಯಾರೂ ಹೇಳಿಲ್ಲ. ಅವರ ಲೆಕ್ಕದಲ್ಲಿ ಬೊನ ಮುಂದಿನ ವಾರ ಊರಿಗೆ. ಅವನು ಬರುವ ದಿನದ ಊಟಕ್ಕೆ ಹಂದಿಯೂ ಹೇಳಿಟ್ಟಿದ್ದಾರಂತೆ. ಈಗ ಫೋನ್ ಹೊಡೆದುಕೊಳ್ಳುತ್ತಿದೆ, ಅವರದೇ. ಮೊದಲ ಮಾತೇ ಫೋನ್ ಬೊನನಿಗೆ ಕೊಡು ಎನ್ನುವುದು. ಎತ್ತುತ್ತೇನೆ. ಅಮ್ಮಾ, ಬೊನ ಈಗ ವಿಮಾನದಲ್ಲಿದ್ದಾನೆ, ಊರಿಗಲ್ಲ, ಎನ್ನಬೇಕು.